ಜನೌಷಧಿಯ ಸಿಟಾಗ್ಲಿಪ್ಟಿನ್ ಮಾತ್ರೆ: ಕಡಿಮೆ ದುಡ್ಡು, ಒಳ್ಳೆ ಕೆಲಸ

ಶುಗರ್‌ಗೆ ಡಾಕ್ಟರು ಸಿಟಾಗ್ಲಿಪ್ಟಿನ್ ಬರೆದುಕೊಟ್ಟಿದ್ದರೆ ಮೊದಲು ಜನೌಷಧಿ ಕೇಂದ್ರದಲ್ಲಿ ಕೇಳಿ. 2022ರಲ್ಲಿ ಪೇಟೆಂಟ್ ಮುಗಿದ ಮೇಲೆ ಅದೇ ಸೆಪ್ಟೆಂಬರ್‌ನಲ್ಲಿ ಇದು ಅಲ್ಲಿಗೆ ಬಂತು. ಆಗ 50 ಮಿಲಿಗ್ರಾಂನ 10 ಮಾತ್ರೆಗೆ 60 ರೂಪಾಯಿ, 100 ಮಿಲಿಗ್ರಾಂನದಕ್ಕೆ 100 ರೂಪಾಯಿ. ಬ್ರ್ಯಾಂಡ್ ಮಾತ್ರೆಗಳಿಗೆ ಅದಕ್ಕಿಂತ ತುಂಬಾ ಜಾಸ್ತಿ ಕೊಡಬೇಕಿತ್ತು. ದಿನಾ ನುಂಗುವ ಮಾತ್ರೆ, ವರ್ಷಕ್ಕೆ ಎಷ್ಟು ಉಳಿಯುತ್ತದೆ ಲೆಕ್ಕ ಹಾಕಿ.

ಇದು ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ಊಟ ಹೊಟ್ಟೆಗೆ ಬಿದ್ದ ಕೂಡಲೇ ಕರುಳು ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಬಿಡುತ್ತದೆ, ಅದು ಮೇದೋಜೀರಕಕ್ಕೆ ಇನ್ಸುಲಿನ್ ಬಿಡು ಅಂತ ಹೇಳುತ್ತದೆ. ಇದು 30 ಅಮೈನೋ ಆಮ್ಲ ಪೋಣಿಸಿದ ಚಿಕ್ಕ ಸರ. ರಕ್ತದಲ್ಲೂ ಜೀವಕೋಶಗಳ ಮೇಲೂ ಇರುವ ಡಿಪಿಪಿ-4 ಅನ್ನೋ ಕಿಣ್ವ ಆ ಸರದ ತುದಿಯಿಂದ ಬರೀ ಎರಡನ್ನು ಕತ್ತರಿಸುತ್ತದೆ. ಅಷ್ಟೇ ಸಾಕು, ಹಾರ್ಮೋನ್ ಕೆಲಸಕ್ಕೆ ಬಾರದ ಹಾಗಾಗುತ್ತದೆ, ಅದೂ ಒಂದೆರಡು ನಿಮಿಷದಲ್ಲಿ! ಸಿಟಾಗ್ಲಿಪ್ಟಿನ್ ಹೋಗಿ ಆ ಕಿಣ್ವ ಕತ್ತರಿಸುವ ಜಾಗದಲ್ಲೇ ಕೂತುಬಿಡುತ್ತದೆ. ಹಾಗಾಗಿ ನಮ್ಮದೇ ಹಾರ್ಮೋನ್ ಇನ್ನಷ್ಟು ಹೊತ್ತು ಉಳಿಯುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಮಾತ್ರ ಈ ಹಾರ್ಮೋನ್ ಇನ್ಸುಲಿನ್ ಬಿಡಿಸೋದು, ಅದಕ್ಕೇ ಇದೊಂದನ್ನೇ ತಗೊಂಡರೆ ಲೋ ಶುಗರ್ ಆಗೋದು ಅಪರೂಪ. ತೂಕವೂ ಏರಲ್ಲ. ವಯಸ್ಸಾದವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ನಮ್ಮಮ್ಮ ಬ್ರ್ಯಾಂಡ್ ಬಿಟ್ಟು ಇದಕ್ಕೆ ಬಂದ ಮೇಲೂ ಅವರ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಮೊದಲಿನ ಹಾಗೇ ಇದೆ. ದಿನಕ್ಕೊಂದೇ ಮಾತ್ರೆ, ತಿಂಡಿಗೆ ಮುಂಚೆಯಾದರೂ ಸರಿ, ಆಮೇಲಾದರೂ ಸರಿ. ಬೆಳಿಗ್ಗೆ ಕಾಫಿ ಆದ ಮೇಲೆ ನೆನಪಾದಾಗ ನುಂಗುತ್ತಾರೆ.

ಆದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಎಚ್‌ಬಿಎ1ಸಿ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಪಾಯಿಂಟ್‌ನಷ್ಟು ಇಳಿಯುತ್ತದೆ, ಅಷ್ಟೇ. ಶುಗರ್ ತುಂಬಾ ಏರಿದ್ದರೆ ಇದೊಂದೇ ಸಾಲದು. ಮೆಟ್‌ಫಾರ್ಮಿನ್ ಸೇರಿಸಿದ ಮಾತ್ರೆಯೂ ಅಲ್ಲೇ ಸಿಗುತ್ತದೆ, ಹೆಸರು ಹತ್ತಿರ ಹತ್ತಿರ ಇರೋದರಿಂದ ಚೀಟಿ ತೋರಿಸಿಯೇ ತಗೊಳ್ಳಿ. ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಇಳಿಸಬೇಕಾಗುತ್ತದೆ, ಸುಮ್ನೆ ಪಕ್ಕದ ಮನೆಯವರ ಡೋಸ್ ನೋಡಿ ಶುರು ಮಾಡಬೇಡಿ. ಅಪರೂಪಕ್ಕೆ ಮೇದೋಜೀರಕ ಊದಿಕೊಳ್ಳೋದೂ ಉಂಟು. ಮೇಲ್ಹೊಟ್ಟೆ ಜೋರಾಗಿ ನೋಯುತ್ತಾ ಬೆನ್ನಿಗೂ ಹೊಡೆದರೆ, ವಾಂತಿಯೂ ಆದರೆ, ಮಾತ್ರೆ ನಿಲ್ಲಿಸಿ ಆವತ್ತೇ ಡಾಕ್ಟರ ಹತ್ತಿರ ಹೋಗಿ.