ಒಂದೇ ಕಾರ್ಡ್, ಎರಡು ಲ್ಯಾಪ್‌ಟಾಪ್, ಕಲಬುರಗಿಯ ಮೇ ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಗೇಮ್ ಆಡಲು ನನ್ನ ಓಟು ದಪ್ಪ ಲ್ಯಾಪ್‌ಟಾಪಿಗೆ. ಎರಡೂವರೆ ಕಿಲೋ ತೂಕ. ಇಟ್ಟಂಗಿಯಷ್ಟು ದೊಡ್ಡ ಚಾರ್ಜರ್. ಫ್ಯಾನ್ ಜೋರಾಗಿ ತಿರುಗಿದರೆ ಹಿಟ್ಟಿನ ಗಿರಣಿ ಪಕ್ಕದಲ್ಲಿ ಕೂತ ಹಾಗೆ. ಆದರೂ ಅದೇ. ತೆಳ್ಳಗಿನದಕ್ಕೆ 74 ಸಾವಿರ ಕೊಟ್ಟು, ಅದರ ಜೊತೆ ಅರ್ಧ ಬೇಸಿಗೆ ಏಗಿದ ಮೇಲೆ ಬಂದ ಬುದ್ಧಿ ಇದು. ಕಂಪನಿಗಳ ಹೆಸರು ಬೇಡ ಬಿಡಿ. ತೆಳ್ಳಗಿನ ಗೇಮಿಂಗ್ ಲ್ಯಾಪ್‌ಟಾಪ್ ಅಂತ ಯಾರದ್ದೇ ತಂದರೂ ಕಲಬುರಗಿಯಲ್ಲಿ ಹೆಚ್ಚುಕಡಿಮೆ ಇದೇ ಕಥೆ ಆಗುತ್ತಿತ್ತು ಅನ್ನಿಸುತ್ತದೆ.

ತೆಳ್ಳಗಿನದನ್ನು ತಂದದ್ದು ಜನವರಿಯಲ್ಲಿ. ಆಗ ನಮ್ಮಲ್ಲಿ ರಾತ್ರಿ ಸ್ವೆಟರ್ ಬೇಕು. ಆರ್‌ಟಿಎಕ್ಸ್ 4050 ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಮೂಡಿಸುವ ಚಿಪ್ಪು), 16 ಜಿಬಿ ರ‍್ಯಾಮ್, ತೂಕ 1.7 ಕಿಲೋ. ಫೋರ್ಜಾ ಹೊರೈಜನ್ 5 ಅನ್ನುವ ಕಾರ್ ರೇಸ್ ಆಟ ಹಾಕಿದರೆ ಸೆಕೆಂಡಿಗೆ 75 ಫ್ರೇಮ್ (ಪರದೆ ಮೇಲಿನ ಚಿತ್ರ) ಆಸುಪಾಸು ಬರುತ್ತಿತ್ತು; ಜಾಸ್ತಿ ಇದ್ದಷ್ಟು ಆಟ ನಯ. ಮಿಲ್ಲಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ತಿರುಗಿದ್ದೇ ತಿರುಗಿದ್ದು. ನಾನು ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಹೊಸ ತೊಗರಿ ಬರುವ ಹಂಗಾಮು ಅದು, ಕೆಲಸ ಜಾಸ್ತಿ. ಆಟ ಅಂದರೆ ರಾತ್ರಿ ಒಂದು ಗಂಟೆ ಅಷ್ಟೇ. ಹಾಗಾಗಿ ಯಾವ ದೋಷವೂ ಕಣ್ಣಿಗೆ ಬೀಳಲಿಲ್ಲ.

ಮಾರ್ಚ್ ಕೊನೆಗೆ ಶುರುವಾಯಿತು ನೋಡಿ.

ಮೊದಲ ಹದಿನೈದು ನಿಮಿಷ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಎರೆಮಣ್ಣಿನಲ್ಲಿ ಚಕ್ಕಡಿ ಸಿಕ್ಕಿಕೊಂಡ ಹಾಗೆ ಒಮ್ಮೆಲೇ ಜಗ್ಗುತ್ತದೆ. 75 ಇದ್ದ ಫ್ರೇಮ್ 38ಕ್ಕೆ ಬೀಳುತ್ತದೆ. ಎರಡು ಸೆಕೆಂಡಿಗೆ 60ಕ್ಕೆ ಏರುತ್ತದೆ, ಮತ್ತೆ 40. ಒಂದೇ ಸಮ 40 ಇದ್ದರೂ ಆಡಬಹುದು. ಈ ಏರಿಳಿತ ಇದೆಯಲ್ಲ, ಅದರಲ್ಲಿ ಕಾರು ತಿರುವಿಗೆ ಬಂದಾಗಲೇ ಕೈ ಕೊಡುತ್ತದೆ. ಕೀಬೋರ್ಡಿನ ಡಬ್ಲ್ಯೂ ಕೀ ಮೇಲೆ ಬೆರಳು ಇಟ್ಟರೆ ಆಗ ತಾನೇ ತವೆಯಿಂದ ಇಳಿಸಿದ ರೊಟ್ಟಿ ಮುಟ್ಟಿದಂತೆ.

ಡ್ರೈವರ್ ಹಾಳಾಗಿದೆ ಅಂದುಕೊಂಡೆ. ಹೊಸದು ಹಾಕಿದೆ. ವೈರಸ್ ಅಂದುಕೊಂಡೆ. ವಿಂಡೋಸನ್ನೇ ಅಳಿಸಿ ಮತ್ತೆ ಹಾಕಿದೆ. ಎರಡು ಭಾನುವಾರ ಇದಕ್ಕೇ ಹೋದವು. ಕೊನೆಗೆ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿ, ಆಟದ ಮೂಲೆಯಲ್ಲಿ ಅಂಕಿಗಳು ಕಾಣುವಂತೆ ಮಾಡಿದಾಗ ಕಳ್ಳ ಸಿಕ್ಕಿಬಿದ್ದ. ಪ್ರೊಸೆಸರ್ 98 ಡಿಗ್ರಿ. ಕಾರ್ಡಿಗೆ ಹೋಗುವ ಕರೆಂಟ್ 55 ವ್ಯಾಟಿನಿಂದ 30ಕ್ಕೆ ಇಳಿದಿತ್ತು.

ಲೆಕ್ಕ ಸರಳ. ಪ್ರೊಸೆಸರ್ ಚಿಪ್ಪಿಗೆ ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಮಿತಿ. ಅದನ್ನು ಮುಟ್ಟಿದರೆ ಸುಟ್ಟುಹೋಗಬಾರದು ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನು, ತಾಮ್ರದ ಪೈಪು ಎಷ್ಟು ಬಿಸಿ ಹೊರಹಾಕುತ್ತವೆ ಅನ್ನುವುದು ಚಿಪ್ಪಿಗೂ ಕೋಣೆಯ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಎಸಿ ಕೋಣೆಯಲ್ಲಿ 24 ಡಿಗ್ರಿ ಇದ್ದರೆ 100ಕ್ಕೆ ಮುಟ್ಟಲು 76 ಡಿಗ್ರಿ ಅಂತರ. ನಮ್ಮ ಮಾಳಿಗೆ ಕೆಳಗಿನ ಕೋಣೆಯಲ್ಲಿ ಮೇ ಸಂಜೆ 40. ಉಳಿಯುವುದು 60. ಅಂದರೆ ಅದೇ ಫ್ಯಾನು, ಅದೇ ಪೈಪು ಸುಮಾರು ಐದನೇ ಒಂದು ಪಾಲು ಕಡಿಮೆ ಬಿಸಿ ಸಾಗಿಸುತ್ತವೆ. ಯೂಟ್ಯೂಬಿನಲ್ಲಿ ಎಸಿ ಹಾಕಿಕೊಂಡು ಕೂತವರು ತೋರಿಸುವ ಫ್ರೇಮ್ ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು?

ಮಾಡದ ಪ್ರಯತ್ನ ಇಲ್ಲ. ಮಂಚದ ಮೇಲಿಂದ ಕೆಳಗಿಳಿಸಿ ನೆಲದ ಮೇಲೆ ಇಟ್ಟೆ. ನಮ್ಮದು ಶಹಾಬಾದ್ ಕಲ್ಲಿನ ನೆಲ, ರಾತ್ರಿ ಹತ್ತರ ಮೇಲೆ ತಣ್ಣಗೆ ಇರುತ್ತದೆ. ಹಿಂಬದಿಗೆ ನೀರಿನ ಬಾಟ್ಲಿಯ ಎರಡು ಮುಚ್ಚಳ ಕೊಟ್ಟು ಎತ್ತರಿಸಿದೆ. ನಾನು ಅದರ ಮುಂದೆ ಬೋರಲು ಮಲಗಿ, ಕೂಲರನ್ನು ಅದರ ಕಡೆ ತಿರುಗಿಸಿ ಆಡುತ್ತಿದ್ದೆ. ಅವ್ವ ಬಂದು ಒಂದು ನಿಮಿಷ ನೋಡಿದಳು. "ಅದಕ್ ಜ್ವರ ಬಂದದೇನೋ? ಹಸಿ ಅರಿವಿ ಹಾಕ್ಲಾ?" ಅಂದಳು. ನನಗೆ ನಗು ಬರಲಿಲ್ಲ. ಅವಳಿಗೆ ಕೂಲರ್ ಗಾಳಿ ಹೋಗಿದ್ದರ ಸಿಟ್ಟು.

1,400 ರೂಪಾಯಿಯ ಕೂಲಿಂಗ್ ಪ್ಯಾಡ್ ತಂದೆ. ಇಳಿದದ್ದು ಮೂರು ಡಿಗ್ರಿ. ನಿಜವಾಗಿ ಕೆಲಸ ಮಾಡಿದ್ದು ಖರ್ಚಿಲ್ಲದ ಉಪಾಯ. ವಿಂಡೋಸಿನ ಪವರ್ ಆಪ್ಷನ್ಸ್ ಒಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅಂತ ಇರುತ್ತದೆ, ಕೆಲವು ಲ್ಯಾಪ್‌ಟಾಪಿನಲ್ಲಿ ಅದನ್ನು ಅಡಗಿಸಿರುತ್ತಾರೆ. ಅಲ್ಲಿ 100 ಇದ್ದದ್ದನ್ನು 99 ಮಾಡಿದರೆ ಪ್ರೊಸೆಸರಿನ ಬೂಸ್ಟ್, ಅಂದರೆ ಜಾಸ್ತಿ ಕರೆಂಟ್ ಎಳೆದು ವೇಗ ಏರಿಸಿಕೊಳ್ಳುವುದು, ನಿಂತುಹೋಗುತ್ತದೆ. ನನ್ನದರಲ್ಲಿ ಹನ್ನೆರಡು ಡಿಗ್ರಿ ಇಳಿಯಿತು, ಜಗ್ಗಾಟ ಮುಕ್ಕಾಲು ನಿಂತಿತು. ಆದರೆ ಫ್ರೇಮ್ 50ರ ಮೇಲೆ ಏಳಲಿಲ್ಲ. 74 ಸಾವಿರ ಕೊಟ್ಟು 50 ಫ್ರೇಮ್! ಸರ್ವಿಸ್ ಸೆಂಟರಿಗೆ ಒಯ್ದರೆ, "ಎಲ್ಲಾ ಬರೋಬ್ಬರಿ ಅದರೀ. ತಂಪು ಜಾಗದಾಗ ಆಡ್ರಿ" ಅಂದರು. ತಂಪು ಜಾಗ. ಮೇ ತಿಂಗಳಲ್ಲಿ. ಕಲಬುರಗಿಯಲ್ಲಿ.

ದಾರಿ ತೋರಿಸಿದ್ದು ನಮ್ಮ ಮಿಲ್ಲಿನ ಮೋಟಾರ್ ನೋಡಿಕೊಳ್ಳುವ ಕಾಕಾ. ಅವರಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ. ನಾನು ಗೋಳು ಹೇಳಿಕೊಂಡಾಗ ಕೇಳಿದ್ದು ಒಂದೇ ಮಾತು, "ಅದು ಎಷ್ಟ್ ಎಚ್‌ಪಿದು ತಮ್ಮಾ?" ನಾನು 4050 ಅಂದೆ. "ಅದು ಹೆಸರಾತು. ಎಚ್‌ಪಿ ಎಷ್ಟು?" ಅಲ್ವಾ ಮತ್ತೆ. ಮೋಟಾರ್ ಕೊಳ್ಳುವಾಗ ಪ್ಲೇಟಿನ ಮೇಲಿನ ಹಾರ್ಸ್‌ಪವರ್ ಅಂಕಿ ನೋಡುವ ನಾವು ಲ್ಯಾಪ್‌ಟಾಪಿನಲ್ಲಿ ಬರೀ ಹೆಸರು ನೋಡಿ ದುಡ್ಡು ಕೊಡುತ್ತೇವೆ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4050 ಅನ್ನುವುದು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಯಾವುದೂ ಆಗಿರಬಹುದು. ತಯಾರಿಸುವವರು ತಮ್ಮ ಡಬ್ಬಿ ಎಷ್ಟು ಬಿಸಿ ತಡೆಯುತ್ತದೋ ಅಷ್ಟು ಇಡುತ್ತಾರೆ. ನನ್ನದು 55. ಕೊಳ್ಳುವಾಗ ಟಿಜಿಪಿ (ಕಾರ್ಡಿಗೆ ಸಿಗುವ ಗರಿಷ್ಠ ವ್ಯಾಟು) ಎಷ್ಟು ಅಂತ ಕೇಳಬೇಕಿತ್ತು. ನಾನು ಕೇಳಿದ್ದು ಬ್ಯಾಗ್ ಫ್ರೀನಾ ಅಂತ.

ಮೇ ಎರಡನೇ ವಾರ ಒಂದು ದಿನ ರಜೆ ಹಾಕಿದೆ. ಬೆಳಿಗ್ಗೆ ರೈಲು ಹತ್ತಿ ವಾಡಿ, ತಾಂಡೂರು ದಾಟಿ ಸಿಕಂದರಾಬಾದಿನಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಚೆನಾಯ್ ಟ್ರೇಡ್ ಸೆಂಟರಿಗೆ ಹೋದೆ. ನಾಲ್ಕು ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ವ್ಯಾಟು? ಇಬ್ಬರು ಮುಖ ಮುಖ ನೋಡಿದರು. ನೂರರ ಮೇಲಿನದು ಸಿಕ್ಕಿದ್ದು 81 ಸಾವಿರಕ್ಕೆ. ಕಾರ್ಡಿನ ಹೆಸರು ಅದೇ 4050. ಹಿಂದೆ, ಪಕ್ಕದಲ್ಲಿ ಬಿಸಿಗಾಳಿ ಹೋಗಲು ನಾಲ್ಕು ದೊಡ್ಡ ಕಂಡಿ.

ಅದೇ ಕೋಣೆ, ಅದೇ ಶಹಾಬಾದ್ ಕಲ್ಲು, ಅದೇ 40 ಡಿಗ್ರಿ. ಕೂಲರನ್ನು ಅವ್ವನಿಗೆ ವಾಪಸ್ ಕೊಟ್ಟೆ. ನಲವತ್ತು ನಿಮಿಷ ಫೋರ್ಜಾ ಓಡಿಸಿ ಮೂಲೆಯ ಅಂಕಿಯನ್ನೇ ನೋಡುತ್ತಿದ್ದೆ, ಆಟದ ಕಡೆ ಗಮನವೇ ಇಲ್ಲ. ಪ್ರೊಸೆಸರ್ 88ರಿಂದ 90. ಕಾರ್ಡ್ 95 ವ್ಯಾಟಿಗೆ ಗಟ್ಟಿಯಾಗಿ ನಿಂತಿತ್ತು. 90 ಫ್ರೇಮ್, ಒಮ್ಮೆಯೂ ಜಗ್ಗಲಿಲ್ಲ.

ಇದರ ತೊಂದರೆ ಹೇಳದಿದ್ದರೆ ತಪ್ಪಾಗುತ್ತದೆ. ದೊಡ್ಡದು ಇನ್ವರ್ಟರ್. ನಮ್ಮ ಮನೆಯ ಬ್ಯಾಟರಿ 12 ವೋಲ್ಟ್, 150 ಎಎಚ್. ಕಾಗದದ ಮೇಲೆ 1800 ವ್ಯಾಟ್ ಅವರ್, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಕರೆಂಟ್ ಹೋದಾಗ ಎರಡು ಫ್ಯಾನ್, ಎರಡು ಲೈಟ್ ಸುಮಾರು 180 ವ್ಯಾಟ್ ಎಳೆಯುತ್ತವೆ. ಆಟ ಆಡುವ ಈ ಲ್ಯಾಪ್‌ಟಾಪ್ ಒಂದೇ ಅಷ್ಟು ಎಳೆಯುತ್ತದೆ. ಅಂದರೆ ಮನೆಯವರ ಫ್ಯಾನಿನ ಅರ್ಧ ಹೊತ್ತು ನಾನು ತಿಂದ ಹಾಗೆ. ಈಗ ಕರೆಂಟ್ ಹೋದರೆ ಆಟ ಬಂದ್, ಇದು ಮನೆಯ ಕಾನೂನು. ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿ ಮೇಲೆ ಆಡುವ ಮಾತು ಎರಡರಲ್ಲೂ ಬೇಡ. ಕಾರ್ಡಿಗೆ ಬೇಕಾದಷ್ಟು ಕರೆಂಟ್ ಬ್ಯಾಟರಿ ಕೊಡುವುದಿಲ್ಲ, ಫ್ರೇಮ್ ಅರ್ಧಕ್ಕೆ ಬೀಳುತ್ತದೆ.

ರ‍್ಯಾಮ್ ಹೊಸದರಲ್ಲಿ 8 ಜಿಬಿಯ ಒಂದೇ ಕಡ್ಡಿ ಬಂದಿತ್ತು. ಇನ್ನೊಂದು 8 ಹಾಕಿದ ಮೇಲೆ ಜಿಟಿಎ 5 ಆಟದಲ್ಲಿದ್ದ ಸಣ್ಣ ತಡವರಿಕೆಯೂ ಹೋಯಿತು.

ಧೂಳು. ದೊಡ್ಡ ಫ್ಯಾನು ಜಾಸ್ತಿ ಎಳೆಯುತ್ತದೆ. ನಾಲ್ಕು ತಿಂಗಳಿಗೆ ಹಿಂದಿನ ಮುಚ್ಚಳ ಬಿಚ್ಚಿದರೆ ಕಂಡಿಗೆ ಹತ್ತಿಯಂತೆ ಮೆತ್ತಿಕೊಂಡಿತ್ತು.

ಪರದೆ ತೆಳ್ಳಗಿನ ಲ್ಯಾಪ್‌ಟಾಪಿನದ್ದೇ ಚೆಂದ, ಸ್ಪೀಕರ್ ಕೂಡ. ವ್ಯಾಲೊರಂಟ್ ಮಾತ್ರ ಆಡುವವರಿಗೆ ಅದೂ ಧಾರಾಳ ಸಾಕು, ಆ ಆಟ ಕಾರ್ಡಿಗೆ ಅಷ್ಟೇನೂ ಭಾರ ಹಾಕುವುದಿಲ್ಲ.

ಡೆಸ್ಕ್‌ಟಾಪ್ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಇದೇ ದುಡ್ಡಿಗೆ ಜೋರಾದದ್ದು ಬರುತ್ತದೆ, ಒಪ್ಪಿದೆ. ಗೆಳೆಯನ ಮನೆಯಲ್ಲಿ ನೋಡಿದ್ದೇನೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವಷ್ಟರಲ್ಲಿ ಅದು ಆಫ್ ಆಗಿ ಮತ್ತೆ ಶುರುವಾಗುತ್ತದೆ. ಯುಪಿಎಸ್‌ಗೆ ಬೇರೆ ದುಡ್ಡು. ಇಡಲು ನನ್ನ ಕೋಣೆಯಲ್ಲಿ ಜಾಗವೂ ಇಲ್ಲ.

ನಾನು ಲ್ಯಾಪ್‌ಟಾಪ್ ಹೊತ್ತು ತಿರುಗುವವನಲ್ಲ. ಮಿಲ್ಲಿನಲ್ಲಿ ಬೇರೆ ಕಂಪ್ಯೂಟರ್ ಇದೆ. ಆಡುವುದು ರಾತ್ರಿ, ಮನೆಯಲ್ಲಿ, ನೆಲದ ಮೇಲೆ. ನನಗೆ ಎರಡೂವರೆ ಕಿಲೋ ಯಾಕೆ ಭಾರ ಆಗಬೇಕು? ದಿನಾ ಬಸ್ಸಿನಲ್ಲಿ ಹೊತ್ತು ಓಡಾಡುವವರು ಆಟದ ಆಸೆ ಸ್ವಲ್ಪ ತಗ್ಗಿಸಿ ತೆಳ್ಳಗಿನದನ್ನು ತೆಗೆದುಕೊಳ್ಳಲಿ. ಆದರೆ ಜನವರಿಯಲ್ಲಿ ಕೊಂಡು ಜನವರಿಯಲ್ಲೇ ಹೊಗಳಬೇಡಿ.

ಹಳೆಯದನ್ನು ಮಾರಲು ನೋಡಿದೆ. 45 ಸಾವಿರದ ಮೇಲೆ ಯಾರೂ ಬರಲಿಲ್ಲ. ಈಗ ಅದು ಬಿ.ಕಾಂ. ಓದುವ ತಂಗಿಯ ಹತ್ತಿರ ಇದೆ. ಎಕ್ಸೆಲ್ ಮತ್ತು ರೀಲ್ಸ್ ಅಷ್ಟೇ ಅವಳ ಕೆಲಸ. ಮೊನ್ನೆ ಅಂದಳು, "ಅಣ್ಣಾ, ಇದು ಬಿಸಿನೇ ಆಗಲ್ಲಲಾ. ನೀ ಸುಮ್ನೆ ಬೈತಿದ್ದಿ."