ಪಂಪ್ ಕೆಟ್ಟಿದೆಯಾ, ವೈರ್ ಕೆಟ್ಟಿದೆಯಾ? ಮೀಟರ್, ಬಲ್ಬ್, ಗೇಜ್ ಮೂರನ್ನೂ ಹಿಡಿದು ನೋಡಿದೆ

ನನ್ನ ಹಳೇ ಪೆಟ್ರೋಲ್ ಕಾರು ಬೆಳಿಗ್ಗೆ ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್ ಆಗುತ್ತಿತ್ತು. ಇಪ್ಪತ್ತು ನಿಮಿಷ ಓಡಿಸಿ ಏರು ಹತ್ತಿಸಿದರೆ ಸಾಕು, ಜರ್ಕ್ ಹೊಡೆದು ನಿಂತುಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್! ದೋಷ ಓದುವ ಸ್ಕ್ಯಾನರ್ ಹಾಕೋಣ ಅಂದ್ರೆ ಅಷ್ಟು ಹಳೇ ಕಾಲದ ಗಾಡಿಗೆ ಅದರ ಸಾಕೆಟ್ಟೇ ಇಲ್ಲ.

ಮೊದಲು ಹಿಡಿದದ್ದು ಡಿಜಿಟಲ್ ಮಲ್ಟಿಮೀಟರ್. ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪಿನ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿಸಿ ನೋಡಿದೆ: 12.4 ವೋಲ್ಟ್. ಕರೆಂಟ್ ಬರ್ತಿದೆ, ಹಾಗಾದ್ರೆ ಪಂಪೇ ಹೋಗಿದೆ ಅಂತ ತೀರ್ಮಾನ ಮಾಡಿ ಹೊಸ ಪಂಪ್ ಹಾಕಿದೆ. ಎರಡು ವಾರ ಚೆನ್ನಾಗಿ ಓಡಿತು. ಆಮೇಲೆ ಅದೇ ಏರಿನಲ್ಲಿ ಅದೇ ಕಥೆ.

ತಪ್ಪು ಮೀಟರಿನದಲ್ಲ, ನಾನು ಹಿಡಿದ ರೀತಿಯದು. ಮೀಟರ್ ತನ್ನೊಳಗೆ ಕರೆಂಟ್ ಹರಿಸುವುದೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ವೈರಿನ ಹತ್ತು ಎಳೆಯಲ್ಲಿ ಒಂಬತ್ತು ತುಂಡಾಗಿದ್ದರೂ ಉಳಿದ ಒಂದೇ ಎಳೆ ಅದಕ್ಕೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಓಮ್‌ನಲ್ಲಿ, ಅಂದ್ರೆ ವೈರಿನ ತಡೆ ಅಳೆಯೋ ಕಡೆ ಇಟ್ಟು ನೋಡಿದರೂ ಅಷ್ಟೇ. ನನ್ನ ವೈರಿಂಗಿನಲ್ಲಿದ್ದ ಅರ್ಧ ಓಮ್ ದೋಷ, ಮೀಟರಿನ ಸ್ವಂತ ವೈರ್ ತೋರಿಸುವ ಅರ್ಧ ಓಮ್‌ನಲ್ಲಿ ಕಳೆದುಹೋಗುತ್ತಿತ್ತು.

ಆಮೇಲೆ ಟೆಸ್ಟ್ ಲ್ಯಾಂಪ್, ಅಂದ್ರೆ ಕರೆಂಟ್ ಇದೆಯಾ ಅಂತ ಉರಿದು ತೋರಿಸೋ ಬಲ್ಬ್. ಚಿಕ್ಕ ಬಲ್ಬಿನದು ಚೆನ್ನಾಗಿಯೇ ಉರಿಯಿತು. ಇದೂ ಮೋಸವೇ, ಯಾಕಂದ್ರೆ ಅದು ಎಳೆಯೋದು ಅರ್ಧ ಆಂಪಿಯರ್ ಕೂಡ ಅಲ್ಲ, ಪಂಪ್ ಎಳೆಯೋದು ಐದು ಆಂಪಿಯರ್ ಆಸುಪಾಸು. ಎಲ್‌ಇಡಿ ಟೆಸ್ಟ್ ಲ್ಯಾಂಪ್ ಅಂತೂ ಈ ಕೆಲಸಕ್ಕೆ ಸುಮ್ನೆ ದಂಡ. ಕೊನೆಗೆ ಹಳೇ ಹೆಡ್‌ಲೈಟಿನ 55 ವ್ಯಾಟ್ ಬಲ್ಬ್‌ಗೆ ಉದ್ದ ವೈರ್ ಕಟ್ಟಿ ಪಂಪಿನ ಜಾಗಕ್ಕೆ ಸಿಕ್ಕಿಸಿದೆ. ಬ್ಯಾಟರಿಗೆ ನೇರ ಇಟ್ಟಾಗ ಬೆಳ್ಳಗೆ ಉರಿದಿದ್ದ ಬಲ್ಬ್ ಇಲ್ಲಿ ಹಳದಿ. ಕೀ ಆನ್ ಮಾಡಿದಾಗ ಪಂಪಿಗೆ ಕರೆಂಟ್ ಸಿಗೋದು ಎರಡು ಮೂರು ಸೆಕೆಂಡ್ ಮಾತ್ರ, ಆದರೆ ಅಷ್ಟೇ ಸಾಕಾಯಿತು. (ಬಲ್ಬ್ ಸುಡುವಷ್ಟು ಬಿಸಿಯಾಗುತ್ತೆ, ಟ್ಯಾಂಕ್ ಹತ್ತಿರ ಇಡಬೇಡಿ, ಕಾರಿನ ಹೊರಗಿರಲಿ. ಏರ್‌ಬ್ಯಾಗಿನ ಹಳದಿ ವೈರಿಗೆ, ಇಸಿಯು ಅಂದ್ರೆ ಎಂಜಿನ್ ಕಂಪ್ಯೂಟರಿನ ವೈರಿಗೆ ಯಾವ ಬಲ್ಬನ್ನೂ ಮುಟ್ಟಿಸಲೇಬೇಡಿ.)

ಬಲ್ಬ್ ತೊಂದರೆ ಇದೆ ಅಂತ ಹೇಳುತ್ತದೆ, ಎಲ್ಲಿ ಅಂತ ಹೇಳಲ್ಲ. ಅದಕ್ಕೆ ಮತ್ತೆ ಮೀಟರೇ ಬೇಕಾಯಿತು, ಆದರೆ ಈ ಸಲ ಕನೆಕ್ಟರ್ ಬಿಚ್ಚದೆ, ಎಂಜಿನ್ ಓಡುತ್ತಿರುವಾಗ. ಬ್ಯಾಟರಿಯಲ್ಲಿ 13.9, ಪಂಪಿನಲ್ಲಿ 10.9. ಮೂರು ವೋಲ್ಟ್ ಎಲ್ಲಿ ಹೋಯ್ತು? ಬ್ಯಾಟರಿ ಪ್ಲಸ್‌ನಿಂದ ಪಂಪ್ ಪ್ಲಸ್‌ಗೆ ಇಟ್ಟರೆ 0.6. ಪಂಪ್ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ ಇಟ್ಟರೆ 2.4! ಈ ಮೈನಸ್ ಕಡೆ 0.2, 0.3 ದಾಟಬಾರದು. ಮೈನಸ್ ವೈರನ್ನು ಕಾರಿನ ಬಾಡಿಗೆ ಕಟ್ಟುವ ಅರ್ಥ್ ಬೋಲ್ಟ್ ಬಿಚ್ಚಿದರೆ, ವೈರಿನ ತುದಿಯ ಲೋಹದ ಲಗ್ ಕೆಳಗೆ ಪೂರ್ತಿ ಹಸಿರು ಕಿಲುಬು. ಪಂಪ್ ಹಾಕುವಾಗ ಆ ವೈರ್ ಅಲುಗಾಡಿದ್ದಕ್ಕೇ ಎರಡು ವಾರ ಓಡಿತ್ತು ಅನ್ಸುತ್ತೆ.

ಇಂಧನದ ಕಡೆಯೂ ಇದೇ ಆಟ. ಕೀ ಆನ್ ಮಾಡಿದಾಗ ಟ್ಯಾಂಕಿನಿಂದ ಜುಯ್ ಅಂತ ಸದ್ದು ಬಂದರೆ ಪಂಪ್ ಸರಿ ಅಂತ ಎಷ್ಟೋ ಜನ ಹೇಳ್ತಾರೆ, ನಾನೂ ನಂಬಿದ್ದೆ. ಸದ್ದು ಬಂದರೆ ಮೋಟಾರ್ ತಿರುಗುತ್ತಿದೆ ಅಂತ ಅಷ್ಟೇ. ಪ್ರೆಶರ್ ಗೇಜ್ ಹಾಕಿ, ಗಾಜಿನ ಹೊರಗೆ ಟೇಪ್ ಅಂಟಿಸಿ, ಅದೇ ಏರಿಗೆ ಹೋದೆ. ಐಡ್ಲಿಂಗಿನಲ್ಲಿ 2.5 ಬಾರ್, ಸರಿಯಾಗೇ ಇದೆ. ಆಕ್ಸಿಲರೇಟರ್ ಒತ್ತಿದಾಗ 3ಕ್ಕೆ ಏರಬೇಕಾದ ಮುಳ್ಳು 2ಕ್ಕೆ ಇಳಿಯಿತು, ಜರ್ಕ್ ಶುರುವಾಯಿತು. ಕಿಲುಬು ಉಜ್ಜಿ ಬಿಗಿದ ಮೇಲೆ ಅದೇ ಏರಿನಲ್ಲಿ 3ರಲ್ಲೇ ನಿಂತಿತು. ಕಾರ್ಬ್ಯುರೇಟರ್ ಗಾಡಿಗೆ ಈ ಲೆಕ್ಕ ಹಿಡಿಯಬೇಡಿ, ಅಲ್ಲಿ ಒತ್ತಡ ಅರ್ಧ ಬಾರ್ ಕೂಡ ಇರಲ್ಲ, ಗೇಜೂ ಬೇರೆ ಬೇಕು.

ಗೇಜ್ ಹಾಕೋದು ರಗಳೆ ಅನ್ನೋದು ನಿಜ. ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಬೇಕು, ಬಟ್ಟೆ ಸುತ್ತಿ ಪೈಪ್ ಬಿಚ್ಚಬೇಕು, ಆದರೂ ಕೈಯೆಲ್ಲಾ ಪೆಟ್ರೋಲ್. ಹಾಗಾಗಿ ನನ್ನ ಮಟ್ಟಿಗೆ ಮೊದಲು ಬಲ್ಬ್, ಆಮೇಲೆ ಮೀಟರ್, ಎರಡರಲ್ಲೂ ಏನೂ ಸಿಗದಿದ್ದರೆ ಮಾತ್ರ ಗೇಜ್. ಪಂಪಿಗೆ ಕರೆಂಟ್ ಕೊಡೋ ಸ್ವಿಚ್ ಆದ ರಿಲೇ ಮೇಲೆ ಅನುಮಾನ ಬಂದರೆ, ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ, ಒಂದು ನಿಮಿಷದ ಕೆಲಸ.

ತೆಗೆದ ಹಳೇ ಪಂಪ್ ಈಗಲೂ ಡಿಕ್ಕಿಯಲ್ಲಿದೆ. ಅದಕ್ಕೆ ಏನೂ ಆಗಿರಲೇ ಇಲ್ಲ, ಪಾಪ.