ಬೆನ್ನಿನ ನೀರಿನ ಎಡಿಎ: ನೀಲಿ ಬಣ್ಣದ ಹಳೇ ವಿಧಾನವೋ, ಕೈನೆಟಿಕ್ ಕಿಟ್ಟೋ?

ಟಿಬಿ ಮೆನಿಂಜೈಟಿಸ್ (ಮಿದುಳಿನ ಪೊರೆಗೆ ತಗಲುವ ಟಿಬಿ) ಅನುಮಾನ ಬಂದರೆ ವಾರ್ಡಿನಿಂದ ಬೆನ್ನಿನ ನೀರು (ಬೆನ್ನುಹುರಿಯ ಸುತ್ತಲಿನ ದ್ರವ) ಬರುತ್ತದೆ, ಹಿಂದೆಯೇ "ಎಡಿಎ ಎಷ್ಟು ಬಂತು?" ಎಂಬ ಫೋನೂ. ಎಡಿಎ ಎಂದರೆ ಅಡೆನೊಸಿನ್ ಡಿಅಮಿನೇಸ್, ಟಿ ಲಿಂಫೊಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ಕೆರಳಿದಾಗ, ಅಂದರೆ ಟಿಬಿಯಲ್ಲೂ, ಹೆಚ್ಚುವ ಕಿಣ್ವ. ಕಾರವಾರದ ನಮ್ಮ ಲ್ಯಾಬಿನಲ್ಲಿ ಎರಡೂ ವಿಧಾನ ಮಾಡಿ ನೋಡಿದ್ದೇನೆ. ಬೆನ್ನಿನ ನೀರಿಗಾದರೆ ನನ್ನ ಓಟು ಕೈನೆಟಿಕ್‌ಗೇ.

ಹಳೆಯದು 1974ರ ಜೂಸ್ತಿ ವಿಧಾನ. ಅಡೆನೊಸಿನ್ ಜೊತೆ ಸ್ಯಾಂಪಲ್ ಸೇರಿಸಿ 37 ಡಿಗ್ರಿಯಲ್ಲಿ ಒಂದು ತಾಸು ಇಡುವುದು. ಕಿಣ್ವ ಬಿಡಿಸಿದ ಅಮೋನಿಯಾ ಫೀನಾಲ್, ಹೈಪೋಕ್ಲೋರೈಟ್ ಬಿದ್ದರೆ ನೀಲಿಗಟ್ಟುತ್ತದೆ. ಅಗ್ಗ, ಸಾದಾ ಕಲರಿಮೀಟರ್ ಸಾಕು. ಆದರೆ ಆ ಅಮೋನಿಯಾ ಎಲ್ಲಿಂದ ಬಂತೆಂದು ನೀಲಿ ಬಣ್ಣ ಹೇಳುವುದಿಲ್ಲ. ಡಿಸ್ಟಿಲ್ಡ್ ವಾಟರ್ ಕ್ಯಾನು ಬಹಳ ದಿನ ತೆರೆದಿದ್ದರೆ, ಪಕ್ಕದ ಟೇಬಲ್ಲನ್ನು ಯಾರೋ ಅಮೋನಿಯಾ ಕ್ಲೀನರ್‌ನಿಂದ ಒರೆಸಿದ್ದರೆ, ಸ್ಯಾಂಪಲ್ ಹಾಕದ ಬ್ಲ್ಯಾಂಕ್ ಟ್ಯೂಬೇ ತಿಳಿನೀಲಿ. ಎದೆಯ ನೀರಿಗೆ (ಶ್ವಾಸಕೋಶದ ಸುತ್ತ ತುಂಬುವ ದ್ರವ) ಗಡಿ 40ರ ಸುತ್ತ, ಅಲ್ಲಿ ಎರಡು ಯೂನಿಟ್ ಆಚೀಚೆಯಾದರೂ ನಡೆದೀತು. ಬೆನ್ನಿನ ನೀರಿಗೆ ಬಹಳಷ್ಟು ಕಡೆ ಇಟ್ಟುಕೊಂಡ ಗಡಿಯೇ ಲೀಟರಿಗೆ 10 ಯೂನಿಟ್. 9 ಇದ್ದದ್ದು 11 ಆದರೆ ರೋಗಿಗೆ ತಿಂಗಳುಗಟ್ಟಲೆ ಮಾತ್ರೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ವಾಟರ್‌ಬಾತ್ ತಣಿದರಂತೂ ಆ ತಾಸೇ ದಂಡ.

ಕೈನೆಟಿಕ್ ಕಿಟ್ ಅಮೋನಿಯಾದ ಗೊಡವೆಗೇ ಹೋಗುವುದಿಲ್ಲ. ಅದು ಹಿಡಿಯುವುದು ಅಡೆನೊಸಿನ್‌ನಿಂದ ಅಮೋನಿಯಾ ಬಿಟ್ಟುಹೋದ ಮೇಲೆ ಉಳಿಯುವ ಇನೊಸಿನ್ನನ್ನು: ಅದರಿಂದ ಹೈಪೋಕ್ಸಾಂಥಿನ್, ಮುಂದೆ ಯೂರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್, ಕೊನೆಗೆ ಬಣ್ಣ. ಅನಲೈಸರ್ ನೋಡುವುದು ನಿಮಿಷಕ್ಕೆ ಬಣ್ಣ ಎಷ್ಟು ಏರಿತೆಂದು. ಹಾಗಾಗಿ ಸ್ಯಾಂಪಲ್ ಮೊದಲೇ ಹಳದಿಯಾಗಿದ್ದರೂ ಅಷ್ಟಾಗಿ ಕಾಡದು. ಐದು-ಹತ್ತು ಮೈಕ್ರೋಲೀಟರ್ ಸಾಕು. ಮಗುವಿನ ಬೆನ್ನಿನಿಂದ ಬಂದ ಒಂದು ಎಂಎಲ್‌ನಲ್ಲಿ ಸೆಲ್ ಕೌಂಟ್, ಪ್ರೋಟೀನ್, ಗ್ಲೂಕೋಸ್, ಕಲ್ಚರ್ ಎಲ್ಲ ಹಂಚಿ ತಳದಲ್ಲಿ ನಾಲ್ಕು ಹನಿ ಉಳಿದಾಗ ಇದರ ಬೆಲೆ ಗೊತ್ತಾಗುತ್ತದೆ; ಜೂಸ್ತಿಗೆ ಟೆಸ್ಟಿಗೊಂದು, ಸ್ಯಾಂಪಲ್‌ನದೇ ಅಮೋನಿಯಾ ಕಳೆಯಲಿಕ್ಕೆ ಸ್ಯಾಂಪಲ್ ಬ್ಲ್ಯಾಂಕಿಗೊಂದು ಪಾಲು ಬೇಕು. ಕಿಟ್ ದುಬಾರಿ ಹೌದು. ಸ್ಯಾಂಪಲ್ ಕಡಿಮೆ ಬರುವ ಕಡೆ ತೆರೆದ ಬಾಟಲಿ ಮುಗಿಯುವ ಮೊದಲೇ ಅವಧಿ ಮುಗಿಯುತ್ತದೆ. ಎದೆಯ ನೀರಿಗೆ ಈಗಲೂ ಜೂಸ್ತಿ ಸಾಕೆನ್ನುತ್ತೇನೆ.

ಸೂಜಿ ಚುಚ್ಚುವಾಗ ರಕ್ತ ಬೆರೆತರೆ ಎರಡೂ ಕೈಕೊಡುತ್ತವೆ, ಕೆಂಪು ಕಣದಲ್ಲೂ ಎಡಿಎ ಇದೆಯಲ್ಲ! ಬ್ಯಾಕ್ಟೀರಿಯಾದ ಮೆನಿಂಜೈಟಿಸ್, ಲಿಂಫೋಮಾದಲ್ಲೂ (ಲಿಂಫೊಸೈಟ್‌ಗಳ ಕ್ಯಾನ್ಸರ್) ಅಂಕಿ ಏರಬಹುದು. ಕಾಡಂಚಿನ ಊರಿನಿಂದ ಜ್ವರ, ತಲೆನೋವೆಂದು ಬಂದವರಲ್ಲಿ ಮಂಗನ ಕಾಯಿಲೆಯನ್ನೂ ನೆನೆಯಬೇಕಾದ ಜಿಲ್ಲೆ ನಮ್ಮದು. ಎಡಿಎ ಒಂದನ್ನೇ ನಂಬದೆ, ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನಾಟ್‌ಗೂ ಕಳಿಸಿ.

ರಿಪೋರ್ಟಿನಲ್ಲಿ ವಿಧಾನದ ಹೆಸರು ಇರಲೇಬೇಕು. ಶಿರಸಿಯಲ್ಲಿ ಜೂಸ್ತಿಯಲ್ಲಿ 14 ಬಂದು, ಇಲ್ಲಿ ಕೈನೆಟಿಕ್‌ನಲ್ಲಿ 9 ಬಂದರೆ ಔಷಧಿ ನಾಟಿತೆಂದು ಹೇಳಲಾಗದು.